ಮಿಲ್ಲು, ಪರಸಿ, ಹಳಿ: ಕಲಬುರಗಿಯ ಕೈಗಾರಿಕಾ ಪರಂಪರೆಯನ್ನು ನೋಡುವುದು ಹೇಗೆ?

ಕಲಬುರಗಿಗೆ ನೆಂಟರು ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ? ಶರಣಬಸವೇಶ್ವರ ಗುಡಿ, ಬಂದೇ ನವಾಜ್ ದರ್ಗಾ, ಕೋಟೆ, ಬುದ್ಧ ವಿಹಾರ. ಟೈಮ್ ಉಳಿದರೆ ಗಾಣಗಾಪುರ. ಮುಚ್ಚಿಹೋದ ಬಟ್ಟೆ ಗಿರಣಿ ಎಂ.ಎಸ್.ಕೆ. ಮಿಲ್ ಕಡೆಗೋ ಶಹಾಬಾದಿನ ಕಲ್ಲಿನ ಗಣಿ ಕಡೆಗೋ ಯಾರೂ ನೆಂಟರನ್ನು ಕರೆದೊಯ್ಯಲ್ಲ. ಅಲ್ಲಿ ನೋಡೋಕೆ ಏನಿದೆ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ.

ಬೇರೆ ಊರುಗಳಲ್ಲಿ ಈ ಲೆಕ್ಕ ಬದಲಾಗಿದೆ. ಅಹಮದಾಬಾದಿನಲ್ಲಿ 1997ರಿಂದ ಹಳೇ ಊರಿನ ಪಾರಂಪರಿಕ ನಡಿಗೆ ನಡೆಯುತ್ತಿದೆ. ಮುಂಬೈನ ಗಿರಣಿ ಓಣಿಗಳನ್ನು ಜನ ಕಾಲ್ನಡಿಗೆಯಲ್ಲಿ ಸುತ್ತಿ ನೋಡುತ್ತಾರೆ. ನಮ್ಮ ಕಡೆಯೂ ಮಿಲ್ಲು, ಗಣಿಗಳಿಗೆ ಗೈಡ್ ಜೊತೆ ಇಂಥ ನಡಿಗೆ, ಕೊನೆಗೊಂದು ಮಾತುಕತೆ ಬೇಕು ಅಂತ ಕೆಲವರು ಕೇಳೋಕೆ ಶುರು ಮಾಡಿದ್ದಾರೆ, ಆದರೆ ಕೇಳಿದ ಕೂಡಲೇ ಬರುವ ಪ್ರಶ್ನೆಗಳೂ ಅವೇ: ಮುಚ್ಚಿಹೋದ ಮಿಲ್ ಹೇಗೆ ಪರಂಪರೆ ಆಗುತ್ತದೆ? ಅಲ್ಲಿ ಗೈಡ್ ಏನು ತೋರಿಸುತ್ತಾನೆ? ಅದರ ಜೊತೆ ಭಾಷಣ ಯಾಕೆ? ಒಂದೊಂದಾಗಿ ನೋಡೋಣ.

ಕೈಗಾರಿಕಾ ಪರಂಪರೆ ಅಂದರೆ

ಜನ ದುಡಿದು ವಸ್ತು ತಯಾರಿಸಿದ ಜಾಗಗಳು, ಅಲ್ಲಿನ ಯಂತ್ರಗಳು, ಗೋದಾಮು, ರೈಲು ಹಳಿ, ಕಾರ್ಮಿಕರ ಕ್ವಾರ್ಟರ್ಸ್, ಹಾಜರಿ ಪುಸ್ತಕ, ನಕ್ಷೆ, ಆ ಕೆಲಸದ ಕೈಚಳಕ. ಇವೆಲ್ಲ ಸೇರಿದರೆ ಕೈಗಾರಿಕಾ ಪರಂಪರೆ. ಬರೀ ಕಟ್ಟಡ ಸಾಲದು. ಕೆಲಸ ಬಲ್ಲವರ ನೆನಪೂ ಇದರಲ್ಲಿ ಬರುತ್ತದೆ.

ಈ ವಿಷಯಕ್ಕೆಂದೇ ಒಂದು ಅಂತರರಾಷ್ಟ್ರೀಯ ಸಮಿತಿ ಇದೆ. 2003ರಲ್ಲಿ ರಷ್ಯಾದ ನಿಜ್ನಿ ತಾಗಿಲ್ ಎಂಬ ಊರಲ್ಲಿ ಅದು ಒಂದು ಸನ್ನದನ್ನು ಒಪ್ಪಿತು. ಹದಿನೆಂಟನೇ ಶತಮಾನದ ಉತ್ತರಾರ್ಧದಿಂದ ಈಚೆಗಿನ ಕಾರ್ಖಾನೆ ಯುಗ ಇದರ ಮುಖ್ಯ ಕಾಲ, ಅದಕ್ಕೂ ಹಿಂದಿನ ಕಸುಬುಗಳನ್ನು ಬೇರಿನಂತೆ ಸೇರಿಸಿ ನೋಡಬೇಕು ಅಂತ ಆ ಸನ್ನದು ಹೇಳುತ್ತದೆ. ಇಂಗ್ಲೆಂಡಿನಲ್ಲಿ 1779ರಲ್ಲಿ ಕಟ್ಟಿದ ಕಬ್ಬಿಣದ ಸೇತುವೆ ಇರುವ ಐರನ್‌ಬ್ರಿಜ್ ಕಣಿವೆ 1986ರಲ್ಲೇ ವಿಶ್ವ ಪರಂಪರೆ ಪಟ್ಟಿ ಸೇರಿತು. ನಮ್ಮ ದೇಶದಿಂದ ಡಾರ್ಜಿಲಿಂಗಿನ ಪುಟಾಣಿ ರೈಲು 1999ರಲ್ಲಿ, ಮುಂಬೈನ ದೊಡ್ಡ ರೈಲು ನಿಲ್ದಾಣ 2004ರಲ್ಲಿ ಸೇರಿದವು. ಹಾಗಾಗಿ ರೈಲು, ಕಾರ್ಖಾನೆಗಳನ್ನು ತಾಜ್ ಮಹಲ್ ಜೊತೆ ಒಂದೇ ಪಟ್ಟಿಯಲ್ಲಿ ಇಡೋದು ಹೊಸ ಮಾತೇನಲ್ಲ.

ಇಲ್ಲೊಂದು ಗೊಂದಲ ಜಾಸ್ತಿ. ನೂರು ವರ್ಷ ತುಂಬಿದ ಕಟ್ಟಡಕ್ಕೆ ತಾನಾಗಿಯೇ ರಕ್ಷಣೆ ಸಿಗುತ್ತದೆ ಅಂತ ಹಲವರು ತಿಳಿದಿದ್ದಾರೆ. ಹಾಗಿಲ್ಲ. ಪ್ರಾಚೀನ ಸ್ಮಾರಕಗಳ ಕುರಿತ 1958ರ ಕೇಂದ್ರ ಕಾನೂನಿನಲ್ಲಿ ಸ್ಮಾರಕ ಅನ್ನಿಸಿಕೊಳ್ಳಲು ಕನಿಷ್ಠ ನೂರು ವರ್ಷ ಆಗಿರಬೇಕು ಅಂತಿದೆ. ಆದರೆ ಸರ್ಕಾರ ಅಧಿಸೂಚನೆ ಹೊರಡಿಸಿ 'ಇದು ಸಂರಕ್ಷಿತ' ಅಂತ ಘೋಷಿಸಿದ ಮೇಲೇ ರಕ್ಷಣೆ. ಕೋಟೆ, ಗುಮ್ಮಟಗಳಿಗೆ ಆ ಭಾಗ್ಯ ಬೇಗ ಸಿಗುತ್ತದೆ. ಮಿಲ್ ಗೋಡೆಗೆ, ಗೋದಾಮಿಗೆ ಸಿಗೋದು ಅಪರೂಪ. ಅಲ್ಲಿಯವರೆಗೆ ಅದು ಬರೀ ಹಳೇ ಕಟ್ಟಡ. ಜಾಗಕ್ಕೆ ಬೆಲೆ ಬಂದ ದಿನ ಬೀಳುತ್ತದೆ.

ಗೈಡ್ ತೋರಿಸುವುದು ಏನನ್ನು?

ಕೋಟೆಯಲ್ಲಿ ಗೈಡ್ ರಾಜನ ಕಥೆ ಹೇಳುತ್ತಾನೆ. ಯಾರು ಕಟ್ಟಿಸಿದ, ಯಾರು ಗೆದ್ದ, ಯಾರು ಸೋತ. ಕಾರ್ಖಾನೆಯ ನಡಿಗೆಯಲ್ಲಿ ಆ ಕಥೆ ಹೆಚ್ಚು ದೂರ ಹೋಗಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಇದು ಇಲ್ಲೇ ಯಾಕೆ ಬಂತು? ಕಚ್ಚಾ ಮಾಲು ಎಲ್ಲಿಂದ ಬರ್ತಿತ್ತು, ಯಂತ್ರ ಯಾವುದರ ಬಲದಿಂದ ಓಡ್ತಿತ್ತು, ತಯಾರಾದ ಮಾಲು ಯಾವ ದಾರಿ ಹಿಡಿದು ಹೋಗ್ತಿತ್ತು, ದುಡಿಯೋರು ಎಲ್ಲಿ ಮಲಗ್ತಿದ್ರು. ಈ ಪ್ರಶ್ನೆ ಹಿಡಿದು ಹೊರಟರೆ ಸುಮ್ನೆ ಬಿದ್ದಿರುವ ಗೋಡೆಯೂ ಉತ್ತರ ಕೊಡುತ್ತದೆ. ನಮ್ಮ ಜಿಲ್ಲೆಯ ಮಟ್ಟಿಗೆ ಉತ್ತರ ಬಹುತೇಕ ಎರಡು ಕಡೆಯಿಂದ ಬರುತ್ತದೆ. ಒಂದು ಕಾಲ ಕೆಳಗಿನ ನೆಲ, ಇನ್ನೊಂದು ಪಕ್ಕದ ಹಳಿ.

ಮೊದಲು ಹಳಿ

ಮುಂಬೈ ಕಡೆಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ, ಕಲಬುರಗಿ, ವಾಡಿ, ಯಾದಗಿರಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. ಮದ್ರಾಸ್ ಕಡೆಯ ಹಳಿ ಅಲ್ಲಿಗೆ ಬಂದು ಕೂಡಿತು. ಮುಂಬೈ ಮತ್ತು ಮದ್ರಾಸಿನ ನಡುವೆ ನೇರ ರೈಲು ದಾರಿ ಆದದ್ದು ಹೀಗೆ, ನಮ್ಮೂರ ಹೊಲಗಳ ನಡುವೆ. ಮೂರು ವರ್ಷದ ಮೇಲೆ, 1874ರಲ್ಲಿ, ನಿಜಾಮರ ಹಣದಿಂದ ವಾಡಿಯಿಂದ ಸಿಕಂದರಾಬಾದಿಗೆ ಇನ್ನೊಂದು ಹಳಿ ಬಿತ್ತು. ಹೈದರಾಬಾದಿಗೆ ಹೊರಗಿನ ಜಗತ್ತಿನ ಬಾಗಿಲು ತೆರೆದದ್ದು ವಾಡಿಯಲ್ಲಿ. ಇವತ್ತು ವಾಡಿ ಅಂದ ಕೂಡಲೇ ಪ್ಲಾಟ್‌ಫಾರ್ಮಿನ ಚಹಾ ಮತ್ತು ಸಿಮೆಂಟ್ ಧೂಳು ನೆನಪಾಗುತ್ತದೆ, ಅಷ್ಟೇ. ಆ ಕಾಲಕ್ಕೆ ಅದು ಒಂದು ಸಂಸ್ಥಾನದ ಹೆಬ್ಬಾಗಿಲು.

ನಡಿಗೆ ರೈಲು ನಿಲ್ದಾಣದಿಂದಲೇ ಶುರುವಾದರೆ ಒಳ್ಳೇದು ಅಂತ ನನಗನಿಸೋದು ಅದಕ್ಕೇ. ಆಮೇಲೆ ನೋಡುವ ಮಿಲ್ಲು, ಸಿಮೆಂಟು, ಕಲ್ಲು ಎಲ್ಲವೂ ಈ ಹಳಿಯ ಬೆನ್ನು ಹಿಡಿದು ಬಂದವೇ.

ಮಹಬೂಬ್ ಶಾಹಿ ಮಿಲ್ ಇಲ್ಲೇ ಯಾಕೆ?

ಎಂ.ಎಸ್.ಕೆ. ಅಂದರೆ ಮಹಬೂಬ್ ಶಾಹಿ ಕುಲ್ಬರ್ಗಾ. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹೆಸರು ಹೊತ್ತ ಈ ಬಟ್ಟೆ ಗಿರಣಿ ಶುರುವಾದದ್ದು 1880ರ ದಶಕದಲ್ಲಿ. ಗಿರಣಿ ನಿಂತು ಎಷ್ಟೋ ಕಾಲವಾದರೂ ಆಟೋದವರಿಗೆ 'ಎಂ.ಎಸ್.ಕೆ. ಮಿಲ್' ಅಂದರೆ ಸಾಕು. ಹೆಸರು ಬಡಾವಣೆಗೆ ಅಂಟಿಕೊಂಡು ಉಳಿದಿದೆ.

ಯಾಕೆ ಇಲ್ಲೇ? ಒಂದು, ಸುತ್ತ ಎರೆ ಭೂಮಿ. ಎರೆ ಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತದೆ, ಮಳೆ ನಿಂತ ಮೇಲೂ ಹತ್ತಿ ಬೆಳೆ ತಡೆಯುತ್ತದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ಕಟ್ಟಾದಾಗ ಭಾರತದ ಹತ್ತಿಗೆ ಬೇಡಿಕೆ ಒಮ್ಮೆಲೇ ಏರಿತ್ತು. ಎರಡು, ರೈಲು. ಹತ್ತಿ ಹಗುರ ಆದರೆ ಜಾಗ ಜಾಸ್ತಿ ತಿನ್ನುತ್ತದೆ, ಚಕ್ಕಡಿಯಲ್ಲಿ ದೂರ ಸಾಗಿಸೋದು ದುಬಾರಿ. ಜಿನ್ನಿನಲ್ಲಿ ಕಾಳು ಬಿಡಿಸಿ, ಪ್ರೆಸ್ಸಿನಲ್ಲಿ ಒತ್ತಿ, ಬೇಲ್ ಕಟ್ಟಿ ರೈಲಿಗೆ ಹಾಕಬೇಕು. ಹಳೇ ಜಿನ್ನಿಂಗ್ ಫ್ಯಾಕ್ಟರಿಗಳು ಸ್ಟೇಷನ್ ಹತ್ತಿರವೇ ಸಿಗೋದು ಇದಕ್ಕೇ. ಮೂರು, ಹತ್ತಿರದ ಸೊಲ್ಲಾಪುರದಲ್ಲಿ 1877ರಲ್ಲೇ ನೂಲಿನ ಗಿರಣಿ ಎದ್ದಿತ್ತು. ದಾರಿ ತೋರಿಸಿದವರು ಪಕ್ಕದಲ್ಲೇ ಇದ್ದರು.

ಇನ್ನೂ ಒಂದು ಕಾರಣವನ್ನು ಗಮನಿಸಬೇಕು. ಕಲಬುರಗಿ ಆಗ ಬ್ರಿಟಿಷ್ ಇಂಡಿಯಾದಲ್ಲಿ ಇರಲಿಲ್ಲ, ನಿಜಾಮರ ರಾಜ್ಯದಲ್ಲಿತ್ತು. ಬ್ರಿಟಿಷರ 1881ರ ಕಾರ್ಖಾನೆ ಕಾಯ್ದೆ ಇಲ್ಲಿಗೆ ತಾನಾಗಿ ಅನ್ವಯ ಆಗುತ್ತಿರಲಿಲ್ಲ. ಸಂಸ್ಥಾನಗಳಲ್ಲಿ ಗಿರಣಿಗಳ ಕಥೆಯೇ ಬೇರೆ ದಾರಿ ಹಿಡಿಯಲು ಇದೂ ಒಂದು ಕಾರಣ.

ಈಗ ಗಿರಣಿಯ ಕಟ್ಟಡ ನೋಡುವ ಬಗೆ. ಆ ಕಾಲದ ಯಾವ ಗಿರಣಿಗೇ ಹೋದರೂ ಮೊದಲು ಹುಡುಕಬೇಕಾದದ್ದು ಚಿಮಣಿ. ಗೋಕಾಕದಲ್ಲಿ ಜಲಪಾತ ಇತ್ತು, ಅಲ್ಲಿನ ಗಿರಣಿ ನೀರಿನ ಬಲದಿಂದ ಓಡಿತು. ಬಯಲು ಸೀಮೆಯಲ್ಲಿ ಆ ಅನುಕೂಲ ಎಲ್ಲಿ? ಕಲ್ಲಿದ್ದಲು ಸುಡಬೇಕು, ಬಾಯ್ಲರಿನಲ್ಲಿ ನೀರು ಕುದಿಸಿ ಹಬೆ ಎಬ್ಬಿಸಬೇಕು, ಹಬೆಯಿಂದ ಇಂಜಿನ್ ತಿರುಗಬೇಕು. ಚಿಮಣಿ ಅಷ್ಟೆತ್ತರ ಯಾಕೆ ಅಂದರೆ ಹೊಗೆಯನ್ನು ಊರಿನ ಮೇಲೆ ಬೀಳದಂತೆ ಒಯ್ಯೋಕೆ ಅಂತ ಬಹಳ ಜನ ಹೇಳುತ್ತಾರೆ. ಅದು ಅರ್ಧ ಉತ್ತರ. ಚಿಮಣಿಯೊಳಗಿನ ಬಿಸಿ ಗಾಳಿ ಹಗುರವಾಗಿ ಮೇಲೇರುತ್ತದೆ, ಅದರ ಜಾಗ ತುಂಬಲು ಕೆಳಗಿನಿಂದ ಹೊಸ ಗಾಳಿ ಒಲೆಯೊಳಗೆ ನುಗ್ಗುತ್ತದೆ. ಎತ್ತರ ಹೆಚ್ಚಿದಷ್ಟೂ ಎಳೆತ ಜೋರು, ಬೆಂಕಿ ಬಿರುಸು. ಅಂದರೆ ಚಿಮಣಿಯ ಎತ್ತರ ನೋಡಿಯೇ ಕೆಳಗೆ ಎಷ್ಟು ದೊಡ್ಡ ಬೆಂಕಿ ಉರೀತಿತ್ತು ಅಂತ ಸುಮಾರಾಗಿ ಹೇಳಬಹುದು.

ಆಮೇಲೆ ಛಾವಣಿ. ಹಳೇ ನೂಲಿನ ಮತ್ತು ನೇಯ್ಗೆಯ ಶೆಡ್ಡುಗಳ ಮಾಡು ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತದೆ. ಒಂದು ಮಗ್ಗುಲು ಇಳಿಜಾರು, ಇನ್ನೊಂದು ನೆಟ್ಟಗೆ, ಅದಕ್ಕೆ ಗಾಜು. ಗಾಜಿನ ಮಗ್ಗುಲು ಉತ್ತರಕ್ಕೆ ಮುಖ ಮಾಡಿರುತ್ತದೆ. ನಮ್ಮಲ್ಲಿ ವರ್ಷದ ಬಹುಪಾಲು ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆದ್ದರಿಂದ ಉತ್ತರದಿಂದ ಬರುವ ಬೆಳಕಿನಲ್ಲಿ ನೇರ ಬಿಸಿಲಿಲ್ಲ, ಕಣ್ಣು ಕುಕ್ಕಲ್ಲ, ನೆರಳು ಆಡಲ್ಲ. ಕಡಿದುಹೋದ ಎಳೆ ಕಣ್ಣಿಗೆ ಕಾಣಬೇಕಲ್ಲ, ಕರೆಂಟ್ ದೀಪ ಇಲ್ಲದ ಕಾಲಕ್ಕೆ ಇದು ಬಹಳ ದೊಡ್ಡ ಜಾಣತನ. ಶೆಡ್ಡಿನೊಳಗೆ ಸೆಕೆ ಯಾಕೆ ಅಷ್ಟು ಅನ್ನೋದಕ್ಕೂ ಕಾರಣ ಇದೆ. ಗಾಳಿ ಒಣಗಿದ್ದರೆ ಹತ್ತಿಯ ನೂಲು ಪಟಪಟ ಕಡಿಯುತ್ತದೆ. ನಮ್ಮ ಕಡೆ ಬೇಸಿಗೆಯ ಗಾಳಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಅದಕ್ಕೆ ಗಿರಣಿಯೊಳಗೆ ನೀರಿನ ತುಂತುರು ಬಿಟ್ಟು, ಕಿಟಕಿ ಮುಚ್ಚಿ, ತೇವ ಉಳಿಸುತ್ತಿದ್ದರು. ನೂಲಿಗೆ ಹಿತ, ನಿಂತು ದುಡಿಯುವವರಿಗೆ ಬೆವರು. ಮೇಲಿಂದ ಹಾರಾಡುವ ಅರಳೆಯ ಧೂಳು. ಅದನ್ನು ವರ್ಷಗಟ್ಟಲೆ ಉಸಿರಾಡಿದರೆ ಬರುವ ಶ್ವಾಸದ ಕಾಯಿಲೆಗೆ ವೈದ್ಯರು ಬಿಸಿನೋಸಿಸ್ ಅನ್ನುತ್ತಾರೆ.

ದೇಶದ ಎಷ್ಟೋ ಗಿರಣಿಗಳು ನಷ್ಟಕ್ಕೆ ಬಿದ್ದಾಗ 1974ರಲ್ಲಿ ಸಂಸತ್ತು ಒಂದು ಕಾಯ್ದೆ ತಂದು ಅವನ್ನು ರಾಷ್ಟ್ರೀಕರಿಸಿತು. ಆ ಪಟ್ಟಿಯಲ್ಲಿ ನಮ್ಮ ಮಹಬೂಬ್ ಶಾಹಿ ಮಿಲ್ಲೂ ಇತ್ತು. ರಾಷ್ಟ್ರೀಯ ಜವಳಿ ನಿಗಮದ ಕೈಗೆ ಬಂದರೂ ಹಳೇ ಯಂತ್ರ, ಹೆಚ್ಚಿನ ಖರ್ಚು, ಪವರ್‌ಲೂಮಿನ ಅಗ್ಗದ ಬಟ್ಟೆಯ ಪೈಪೋಟಿ ಇಂಥ ಗಿರಣಿಗಳ ಬೆನ್ನು ಬಿಡಲಿಲ್ಲ. ಕೊನೆಗೆ ನಮ್ಮ ಮಿಲ್ಲೂ ಬಾಗಿಲು ಹಾಕಿತು.

ಕಾಲ ಕೆಳಗಿನ ಕಲ್ಲು

ಇನ್ನು ಶಹಾಬಾದ್. ನಿಮ್ಮ ಮನೆಯಲ್ಲಿ ಟೈಲ್ಸ್ ಬರುವ ಮುಂಚೆ ನೆಲಕ್ಕೆ ಏನಿತ್ತು ಅಂತ ನೆನಪು ಮಾಡಿಕೊಳ್ಳಿ. ಬೂದು ಬಣ್ಣದ ಪರಸಿ, ಅಲ್ವಾ? ಅಡುಗೆ ಮನೆ ಕಟ್ಟೆ, ಬಚ್ಚಲು, ಶಾಲೆಯ ವರಾಂಡ, ಹಳ್ಳಿ ಮನೆಗಳ ಮಾಡು, ಎಲ್ಲ ಅದೇ. ಮುಂಬೈ, ಪುಣೆಯ ಹಳೇ ಚಾಳುಗಳಲ್ಲೂ ಇದೇ ಕಲ್ಲನ್ನು 'ಶಹಾಬಾದಿ ಫರ್ಶಿ' ಅಂತ ಹಾಸಿದ್ದಾರೆ. ಒಂದು ಸಣ್ಣ ಊರಿನ ಹೆಸರು ಅಷ್ಟು ದೂರದ ಮನೆಗಳ ನೆಲದವರೆಗೆ ಹೋಗಿದೆ, ಅದಕ್ಕೂ ಹಳಿಯೇ ಕಾರಣ.

ಈ ಕಲ್ಲು ಚಪ್ಪಡಿಯಾಗಿ ಬರೋದು ಹೇಗೆ? ಐವತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರ ಇತ್ತು. ಅದರ ತಳದಲ್ಲಿ ನುಣ್ಣನೆಯ ಸುಣ್ಣದ ಕೆಸರು ಪದರ ಪದರವಾಗಿ ಕೂತಿತು, ನಡುನಡುವೆ ತೆಳುವಾಗಿ ಜೇಡಿ. ಕಾಲಾಂತರದಲ್ಲಿ ಒತ್ತಡ ಬಿದ್ದು ಅದು ಸುಣ್ಣದ ಕಲ್ಲಾಯಿತು. ಭೂಗರ್ಭ ಶಾಸ್ತ್ರದವರು ಇದನ್ನು ಭೀಮಾ ಜಲಾನಯನದ ಶಿಲೆ ಅನ್ನುತ್ತಾರೆ. ಗಣಿಯ ಅಂಚಿನಲ್ಲಿ ನಿಂತು ಗೋಡೆ ನೋಡಿದರೆ ಒಂದರ ಮೇಲೊಂದು ಪೇರಿಸಿಟ್ಟ ಖಡಕ್ ರೊಟ್ಟಿಯ ಹಾಗೆ ಕಾಣುತ್ತದೆ. ಪದರ ಕೂಡಿದ ಜಾಗವೇ ಬಿರುಕು ಬಿಡುವ ಜಾಗ. ಕೆಲಸಗಾರ ಅಲ್ಲಿ ಉಳಿ ಇಟ್ಟು ಸುತ್ತಿಗೆಯಿಂದ ಬಡಿಯುತ್ತಾನೆ, ಸದ್ದು ಬದಲಾಗುವವರೆಗೆ ಕಾಯುತ್ತಾನೆ, ಆಮೇಲೆ ಹಾರೆ ತೂರಿಸಿ ಎಬ್ಬಿಸುತ್ತಾನೆ. ಇಡೀ ಚಪ್ಪಡಿ ಮೇಲೆ ಬರುತ್ತದೆ. ಹಳೇ ಪರಸಿಯ ಅಂಚನ್ನು ಬೆರಳಿನಿಂದ ಸವರಿ ನೋಡಿ. ಉಳಿಯ ಹೊಡೆತಗಳು ಸಣ್ಣ ಸಣ್ಣ ಕಚ್ಚಾಗಿ ಸಿಗುತ್ತವೆ, ಅಳತೆ ಒಂದೇ ಸಮ ಇರಲ್ಲ. ಅಂಚು ನುಣ್ಣಗೆ, ನೇರವಾಗಿ ಇದ್ದರೆ ಅದು ಯಂತ್ರದಲ್ಲಿ ಕೊಯ್ದ ಕಲ್ಲು. ಮನೆ ಯಾವ ಕಾಲದ್ದು ಅಂತ ಊಹಿಸಲು ಇದೊಂದು ಒಳ್ಳೇ ಗುರುತು.

ಅದೇ ಕಲ್ಲು ಸಿಮೆಂಟೂ ಆಗುತ್ತದೆ. ಸುಣ್ಣದ ಕಲ್ಲನ್ನು ಜೇಡಿಮಣ್ಣು, ಸ್ವಲ್ಪ ಕಬ್ಬಿಣದ ಅಂಶದ ಜೊತೆ ಹಿಟ್ಟು ಮಾಡಿ, ಮೆಲ್ಲಗೆ ತಿರುಗುವ ಉದ್ದನೆಯ ಗೂಡಿನಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸುತ್ತಾರೆ. ಗೋಲಿಯಂಥ ಗಟ್ಟಿ ಉಂಡೆಗಳು ಬರುತ್ತವೆ, ಅದೇ ಕ್ಲಿಂಕರ್. ಅದಕ್ಕೆ ಜಿಪ್ಸಮ್ ಬೆರೆಸಿ ಬೀಸಿದರೆ ಸಿಮೆಂಟ್. ಜಿಪ್ಸಮ್ ಯಾಕಂದರೆ ಅದಿಲ್ಲದಿದ್ದರೆ ನೀರು ಬಿದ್ದ ಕೂಡಲೇ ಗಟ್ಟಿಯಾಗಿಬಿಡುತ್ತದೆ, ಮೇಸ್ತ್ರಿಗೆ ಕೈಯಾಡಿಸಲು ಟೈಮೇ ಸಿಗಲ್ಲ.

ಕಾರ್ಖಾನೆ ಗಣಿಯ ಪಕ್ಕದಲ್ಲೇ ಯಾಕೆ? ಲೆಕ್ಕ ಸುಲಭ. ನೂರು ಕಿಲೋ ಶುದ್ಧ ಸುಣ್ಣದ ಕಲ್ಲನ್ನು ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಕಲ್ಲು ಬೇಕು. ಗಾಳಿಗೆ ಹೋಗುವ ಭಾರಕ್ಕೆ ಬಾಡಿಗೆ ಕೊಟ್ಟು ದೂರ ಸಾಗಿಸೋದು ಯಾರಿಗೆ ಬೇಕು? ಕಲ್ಲಿದ್ದಲನ್ನು ರೈಲಿನಲ್ಲಿ ತಂದು, ಕಲ್ಲು ಸಿಗುವ ಕಡೆಯೇ ಸುಟ್ಟು, ಚೀಲ ತುಂಬಿ ಅದೇ ರೈಲಿನಲ್ಲಿ ಕಳಿಸೋದು ಲಾಭ. ಹೀಗೆ ಶಹಾಬಾದಿನಲ್ಲಿ 1920ರ ದಶಕದಲ್ಲೇ ಸಿಮೆಂಟ್ ಕಾರ್ಖಾನೆ ಎದ್ದಿತು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದೂ ಅದರೊಳಗೆ ಬಂತು. ಆಮೇಲೆ ವಾಡಿ, ಕುರಕುಂಟಾ, ಸೇಡಂ, ಮಳಖೇಡ ಅಂತ ಸಾಲು ಬೆಳೆಯಿತು. ಮಳಖೇಡದಲ್ಲಂತೂ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದ ಕೋಟೆ ಕಾಗಿಣಾ ನದಿಯ ದಂಡೆಯ ಮೇಲಿದೆ, ಅದೇ ಊರಿನಲ್ಲಿ ಸಿಮೆಂಟ್ ಕಾರ್ಖಾನೆಯೂ ಇದೆ. ನೃಪತುಂಗನ ಊರು ಅಂತ ಕೋಟೆ ನೋಡಲು ಬಂದವರು ಕಾರ್ಖಾನೆಯತ್ತ ಬೆನ್ನು ತಿರುಗಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದರೆ ಕಥೆ ಪೂರ್ತಿ ಆಗುತ್ತದೆ.

ಇನ್ನೂ ಓಡುತ್ತಿರುವ ಪರಂಪರೆ

ಪರಂಪರೆ ಅಂದರೆ ಮುಚ್ಚಿಹೋಗಿರಲೇಬೇಕು ಅಂತೇನಿಲ್ಲ. ಕಲಬುರಗಿಯ ದಾಲ್ ಮಿಲ್‌ಗಳು ಇವತ್ತಿಗೂ ಓಡುತ್ತಿವೆ, 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಗುರುತೂ (ಜಿ.ಐ. ಟ್ಯಾಗ್) ಸಿಕ್ಕಿತು. ತೊಗರಿಯ ಸಿಪ್ಪೆ ಬೇಳೆಗೆ ಅಂಟಿನಿಂದ ಹಿಡಿದುಕೊಂಡಿರುತ್ತದೆ, ಸುಮ್ನೆ ಬೀಸಿದರೆ ಬೇಳೆಯೇ ನುಚ್ಚಾಗುತ್ತದೆ. ಅದಕ್ಕೇ ಮೊದಲು ಕಾಳಿಗೆ ಗೀರು ಹಾಕಿ, ಎಣ್ಣೆ ಸವರಿ, ಒಂದಿಷ್ಟು ಹೊತ್ತು ಬಿಟ್ಟು, ಅಂಗಳದಲ್ಲಿ ಒಣಹಾಕಿ, ಆಮೇಲೆ ಸಿಪ್ಪೆ ತೆಗೆದು ಒಡೆಯುತ್ತಾರೆ. ದಾಲ್ ಮಿಲ್ಲಿಗೆ ದೊಡ್ಡ ಅಂಗಳ ಯಾಕೆ ಬೇಕು ಅನ್ನೋದು ಈಗ ಗೊತ್ತಾಯಿತಲ್ಲ.

ಬೀದರಿನ ಬಿದರಿ ಕಲೆ ಇನ್ನೂ ಹಿಂದಿನದು, ಆದರೆ ನೋಡುವ ಪ್ರಶ್ನೆ ಅದೇ. ಸತು ಜಾಸ್ತಿ, ತಾಮ್ರ ತುಸು ಬೆರೆಸಿ ಎರಕ ಹೊಯ್ಯುತ್ತಾರೆ, ಚಿತ್ರ ಕೊರೆದು ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೇ ಮಣ್ಣನ್ನು ನವಸಾಗರ ಎಂಬ ಲವಣದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಸತುವಿನ ಭಾಗ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತದೆ. ಅಲ್ಲಿಗೆ ಹೋದವರು ನೌಬಾದಿನ ಕರೇಜನ್ನೂ ನೋಡಬೇಕು. ಬಹಮನಿ ಕಾಲದ ನೆಲದಡಿಯ ನೀರಿನ ಸುರಂಗ ಅದು. ಬರೀ ಇಳಿಜಾರಿನ ಬಲದಿಂದ ನೀರು ಹರಿಯುತ್ತದೆ, ಮಧ್ಯೆ ಮಧ್ಯೆ ಗಾಳಿಗೆ, ಮಣ್ಣು ಎತ್ತಲಿಕ್ಕೆ ಬಾವಿಯಂಥ ಬಾಯಿಗಳಿವೆ.

ಮಾತುಕತೆ ಯಾಕೆ ಬೇಕು?

ಗೋಡೆ ಹೇಳದ ಸಂಗತಿ ಬಹಳ ಇರುತ್ತವೆ. ಭೋಂಗಾ (ಗಿರಣಿಯ ಸೈರನ್) ಎಷ್ಟು ಹೊತ್ತಿಗೆ ಕೂಗ್ತಿತ್ತು, ಊರು ಗಡಿಯಾರ ನೋಡ್ತಿತ್ತೋ ಭೋಂಗಾ ಕೇಳ್ತಿತ್ತೋ, ಬದಲಿ ಕಾರ್ಮಿಕ ಗೇಟಿನಲ್ಲಿ ಕಾದು ಕೆಲಸ ಸಿಗದೆ ವಾಪಸ್ ಹೋದ ದಿನ ಮನೆಯಲ್ಲಿ ಒಲೆ ಹೇಗೆ ಹೊತ್ತುತ್ತಿತ್ತು, ಗಿರಣಿಯ ಯಾವ ಖಾತೆಯಲ್ಲಿ (ವಿಭಾಗದಲ್ಲಿ) ಯಾವ ಓಣಿಯವರು ಜಾಸ್ತಿ ಇದ್ದರು. ಇದು ದುಡಿದವರಿಗೆ, ಅವರ ಮನೆಯವರಿಗೆ ಮಾತ್ರ ಗೊತ್ತು. ಅವರಿಗೆ ವಯಸ್ಸಾಗುತ್ತಿದೆ. ಹಾಗಾಗಿ ಒಳ್ಳೇ ನಡಿಗೆಯ ಕೊನೆಗೆ ಒಂದು ಕಡೆ ಕೂತು ಮಾತಾಡುವ ಕಾರ್ಯಕ್ರಮ ಇಡುತ್ತಾರೆ. ವೇದಿಕೆ, ಹಾರ, ಶಾಲು ಇದ್ದರೆ ಮಾತು ಭಾಷಣ ಆಗಿಬಿಡುತ್ತದೆ. ಚಾಪೆ, ಚಹಾ ಸಾಕು.

ಕೇಳುವ ಬಗೆಯೂ ಇದೆ. 'ಗಿರಣಿಯ ಇತಿಹಾಸ ಹೇಳಿ' ಅಂದರೆ ಯಾರಿಗೂ ಹೇಳಲು ಬರಲ್ಲ. 'ಕಾಕಾ, ರಾತ್ರಿ ಪಾಳಿ ಇದ್ದಾಗ ಬುತ್ತಿ ಎಲ್ಲಿ ಬಿಚ್ಚತಿದ್ರಿ?' ಅಂತ ಕೇಳಿ, ಅಲ್ಲಿಂದ ಮಾತು ತಾನಾಗಿಯೇ ಬರುತ್ತದೆ. 'ಮಗ್ಗದ ಗದ್ದಲದಾಗ ಒಬ್ಬರಿಗೊಬ್ಬರು ಹ್ಯಾಂಗ ಮಾತಾಡತಿದ್ರಿ?' ಅಂದರೆ ಕೈಸನ್ನೆ ಮಾಡಿ ತೋರಿಸಿಯಾರು. ಹೆಣ್ಣುಮಕ್ಕಳನ್ನು ಮರೆಯಬಾರದು, ಪಗಾರದ ದಿನದ ಲೆಕ್ಕ ಅವರ ಹತ್ತಿರ ಇರುತ್ತದೆ. ರೆಕಾರ್ಡ್ ಮಾಡುವ ಮುಂಚೆ ಅನುಮತಿ ಕೇಳಿ. ಮುಷ್ಕರ, ಬಾಕಿ ಹಣ, ಮುಚ್ಚಿದ ದಿನಗಳ ಮಾತು ಬಂದಾಗ ಕೆಲವರು ಸುಮ್ಮನಾಗುತ್ತಾರೆ, ಒತ್ತಾಯ ಬೇಡ.

ಹೊರಡುವ ಮುಂಚೆ

ನವೆಂಬರಿನಿಂದ ಫೆಬ್ರವರಿ ಒಳ್ಳೇ ಕಾಲ. ಏಪ್ರಿಲ್, ಮೇ ಬಿಸಿಲಲ್ಲಿ ಗಣಿ ಕಡೆ ಹೋಗಬೇಡಿ, ಕಲ್ಲು ಕಾದು ಕೆಳಗಿನಿಂದಲೂ ಸುಡುತ್ತದೆ. ಬಿಟ್ಟುಹೋದ ಗಣಿಗಳಲ್ಲಿ ಮಳೆ ನೀರು ನಿಂತಿರುತ್ತದೆ, ನೋಡೋಕೆ ಚೆಂದ, ಆದರೆ ಅಂಚು ಕುಸಿಯುತ್ತದೆ, ಆಳ ಎಷ್ಟು ಅಂತ ಗೊತ್ತಾಗಲ್ಲ. ಮಕ್ಕಳನ್ನು ದೂರ ಇಡಿ. ಓಡುತ್ತಿರುವ ಕಾರ್ಖಾನೆ, ರೈಲ್ವೆ ಯಾರ್ಡ್, ಬೇಲಿ ಹಾಕಿದ ಜಾಗ ಇವಕ್ಕೆಲ್ಲ ಮೊದಲೇ ಲಿಖಿತ ಅನುಮತಿ ಬೇಕು. ಶಾಲೆ, ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಗುಂಪು ಸಣ್ಣದಿರಲಿ, ಜಾಸ್ತಿ ಜನ ಆದರೆ ಹಿಂದಿನವರಿಗೆ ಕೇಳಿಸಲ್ಲ. ಒಂದೇ ದಿನ ಎಲ್ಲ ಮುಗಿಸುವ ಆತುರ ಬೇಡ: ಊರೊಳಗಿನ ಸ್ಟೇಷನ್, ಮಿಲ್, ದಾಲ್ ಮಿಲ್ ಒಂದು ಮುಂಜಾನೆಗೆ, ಶಹಾಬಾದ್, ವಾಡಿ ಇನ್ನೊಂದು ದಿನಕ್ಕೆ, ಬೀದರಿಗೆ ಪೂರ್ತಿ ದಿನ. ಶಹಾಬಾದಿಗೆ ಹೋಗುವವರು ಸಾಧ್ಯವಾದರೆ ರೈಲಿನಲ್ಲೇ ಹೋಗಿ. ಮನೆಯಲ್ಲಿ ಹಳೇ ಹಾಜರಿ ಚೀಟಿ, ಪಗಾರದ ಕವರ್, ಮಿಲ್ಲಿನ ಗುರುತಿನ ಚೀಟಿ ಇದ್ದರೆ ರದ್ದಿಗೆ ಹಾಕುವ ಮುಂಚೆ ಮೊಬೈಲಿನಲ್ಲಿ ಎರಡೂ ಮಗ್ಗುಲು ಫೋಟೋ ತೆಗೆದು, ಯಾರದು, ಯಾವ ಖಾತೆ, ಯಾವ ಇಸವಿ ಅಂತ ಬರೆದಿಡಿ.